ನಿಂಬೆಹಣ್ಣಿಗೆ ಬಾಯಿ ಬರೆದವಳು

ಚಿತ್ರಾನ್ನಕ್ಕೆಂದು ತಂದಿಟ್ಟಿದ್ದ ನಿಂಬೆಹಣ್ಣುಗಳಲ್ಲಿ ಒಂದು ಕಡಿಮೆಯಿತ್ತು. ಹುಡುಕಿದರೆ ಅದು ಮಗಳ ಮಡಿಲಲ್ಲಿ ಕೂತಿತ್ತು. ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದ ಎರಡು ಕಣ್ಣು, ಅವುಗಳ ಕೆಳಗೆ ಈ ತುದಿಯಿಂದ ಆ ತುದಿಗೆ ನಗುವ ಒಂದು ಬಾಯಿ. ಅವಳ ಮುಂದೆ ನನ್ನ ಮೊಬೈಲು, ಮೊಬೈಲಿನೊಳಗೆ ಅತ್ತೆಯ ತುರುಬನ್ನು ಸೂರಿಗೆ ಹಾರಿಸುತ್ತಿರುವ ಮಾಟಗಾತಿ ಸೊಸೆ. ಇಪ್ಪತ್ತೈದು ವರ್ಷದ ಹಿಂದಿನ ಆ ನಗೆ ಧಾರಾವಾಹಿ ಈಗಲೂ ತುಂಡುತುಂಡಾಗಿ ಫೋನಿನಲ್ಲಿ ಸಿಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. "ಅಮ್ಮ, ನಾನೂ ದೊಡ್ಡವಳಾದ ಮೇಲೆ ಮಾಟಗಾತಿ ಆಗ್ತೀನಿ" ಎಂದಳು ಮಗಳು, ಡಾಕ್ಟರಾಗುತ್ತೇನೆ ಅನ್ನುವಷ್ಟೇ ಸಲೀಸಾಗಿ. ನಿಂಬೆಯ ಸಿಪ್ಪೆಯ ವಾಸನೆ ಮೂಗಿಗೆ ಬಡಿದು ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ.

ನಾನಿರುವುದು ಕೊಳ್ಳೇಗಾಲದಲ್ಲಿ, ಪಾಠ ಹೇಳುವುದು ಹನೂರಿನ ಶಾಲೆಯೊಂದರಲ್ಲಿ. ಹೊರಗಿನವರ ಮುಂದೆ ನಮ್ಮೂರಿನ ಹೆಸರು ಹೇಳುವುದೇ ಒಂದು ಕಷ್ಟ. ತರಬೇತಿಗೆಂದು ಎಲ್ಲಿಗೆ ಹೋದರೂ "ಕೊಳ್ಳೇಗಾಲದೋರಾ? ಮೇಡಂ, ನಿಮ್ಮತ್ರ ಹುಷಾರಾಗಿರಬೇಕಪ್ಪ" ಎಂದು ಒಬ್ಬರಾದರೂ ಕೈಮುಗಿಯುತ್ತಾರೆ. ಊಟದ ಸಾಲಿನಲ್ಲಿ ನನ್ನ ತಟ್ಟೆಯ ನಿಂಬೆಹೋಳನ್ನು ನೋಡಿ ನಗುತ್ತಾರೆ. ಆದರೆ ಹೋದ ವರ್ಷ ನಮ್ಮ ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲಿ ಕಪ್ಪು ಚೂಪು ಟೋಪಿ ಹಾಕಿಕೊಂಡು, ಪೊರಕೆಯ ಮೇಲೆ ಕೂತು ಬಂದ ಹುಡುಗಿಗೇ ಮೊದಲ ಬಹುಮಾನ. ನಮ್ಮ ಕಡೆ ಯಾವ ಮಾಟಗಾತಿಯ ತಲೆಯ ಮೇಲೂ ಅಂಥ ಟೋಪಿ ಇರಲಿಲ್ಲ. ಪೊರಕೆ ಇತ್ತು, ಅದು ಅವಳನ್ನು ಓಡಿಸುವವರ ಕೈಯಲ್ಲಿರುತ್ತಿತ್ತು. ತಾಯಂದಿರು ಚಪ್ಪಾಳೆ ತಟ್ಟಿದರು, ತೀರ್ಪುಗಾರಳಾಗಿ ಅಂಕ ಕೊಟ್ಟವಳು ನಾನೇ.

ನನಗೆ ನನ್ನದೇ ಒಬ್ಬಳು ಮಾಟಗಾತಿ ಇದ್ದಳು, ಅವಳ ವಿಷಯ ಹೇಳುತ್ತೇನೆ ಕೇಳಿ. ಮಾದತ್ತೆ ನಮ್ಮಪ್ಪನ ಅಕ್ಕ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ, ನಾನು ಹುಟ್ಟಿ ಬೆಳೆದ ಅಗರಕ್ಕೆ, ವಾಪಸು ಬಂದವಳು. ತಾತ ಅವಳಿಗೆ ಬೀದಿಯ ಕೊನೆಯಲ್ಲಿ ಒಂದಂಕಣದ ಮನೆ ಕಟ್ಟಿಸಿಕೊಟ್ಟಿದ್ದ. ಹಿತ್ತಿಲಲ್ಲಿ ಒಂದು ನಿಂಬೆಮರ, ಮುಂದೆ ಒಂದು ಜಗಲಿ. ಒಂಟಿ ಹೆಂಗಸು, ಬೇರುನಾರು ಗೊತ್ತು, ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುತ್ತಾಳೆ, ಮನೆಯ ಹಿಂದೆ ನಿಂಬೆಮರ ಬೇರೆ. ಊರಿಗೆ ಇಷ್ಟು ಸಾಕಾಯಿತು. ಅವಳು ಬೀದಿಯಲ್ಲಿ ಬಂದರೆ ತಾಯಂದಿರು ಮಕ್ಕಳ ಅನ್ನದ ತಟ್ಟೆಗೆ ಸೆರಗು ಮುಚ್ಚುತ್ತಿದ್ದರು. ದೊಡ್ಡ ಮಕ್ಕಳು ಅವಳು ದಾಟಿ ಹೋಗುವ ತನಕ ಉಸಿರು ಬಿಗಿಹಿಡಿಯುತ್ತಿದ್ದರು. ನಮ್ಮಪ್ಪ ಒಬ್ಬನನ್ನು ಬಿಟ್ಟರೆ ಊರಿನಲ್ಲಿ ಒಬ್ಬರೂ ಅವಳನ್ನು ಹೊಸಿಲು ದಾಟಿಸಿ ಕೂರಿಸಿರಲಿಲ್ಲ.

ಅದರಿಂದ ನನಗಾದ ಲಾಭ ಎಷ್ಟೆಂದರೆ, ಇಡೀ ಮಾದತ್ತೆ ನನಗೊಬ್ಬಳಿಗೇ! ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದೆ. ಬೆಲ್ಲ ಹಾಕಿ ಕಲಸಿದ ಹುರಿಹಿಟ್ಟು ನನ್ನೊಬ್ಬಳ ಕೈಗೆ. ಹರಳೆಣ್ಣೆ ತಟ್ಟಿ ಬಿಗಿಯಾಗಿ ಹೆಣೆಯುವ ಎರಡು ಜಡೆ ನನ್ನೊಬ್ಬಳ ತಲೆಗೆ. ಅವಳ ಎರಡು ಮಂಡಿಗಳ ನಡುವೆ ಕೂತು, ಕೂದಲು ಎಳೆದಾಗ "ಅಯ್ಯೋ" ಎನ್ನುವ ಹಕ್ಕು ಜಗತ್ತಿನಲ್ಲಿ ನನಗೊಬ್ಬಳಿಗೇ ಇತ್ತು. ಬೇರೆ ಮಕ್ಕಳು ದೂರದಿಂದ ನೋಡುತ್ತಿದ್ದರು. ನಾನು ಬೇಕೆಂದೇ ಇನ್ನೂ ಜೋರಾಗಿ "ಅಯ್ಯೋ" ಎನ್ನುತ್ತಿದ್ದೆ. ಊರವರ ಭಯ ನನ್ನ ತೋಟದ ಬೇಲಿಯಾಗಿತ್ತು, ಅದನ್ನು ಕೀಳಬೇಕೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಆ ಬೇಲಿಯನ್ನು ಕಿತ್ತದ್ದು ಟೀವಿ. ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದ ನಮ್ಮ ಎದುರುಮನೆಯವರು ಕಲರ್ ಟೀವಿ ತಂದರು. ಅವರ ಮಗಳು ರತ್ನ ನನ್ನದೇ ತರಗತಿ. ಭಾನುವಾರ ಬೆಳಿಗ್ಗೆ ಅರ್ಧ ಬೀದಿ ಅವರ ನಡುಮನೆಯಲ್ಲಿರುತ್ತಿತ್ತು. ಮಾತು ಹಿಂದಿ, ನಮಗೆ ಅರ್ಧವೂ ತಿಳಿಯುತ್ತಿರಲಿಲ್ಲ, ನೋಡಿಯೇ ಅರ್ಥ ಮಾಡಿಕೊಳ್ಳುತ್ತಿದ್ದೆವು. ಕತೆ ಇಷ್ಟೆ: ತಾನು ಮಾಟಗಾತಿ ಎನ್ನುವುದನ್ನು ಮುಚ್ಚಿಟ್ಟುಕೊಂಡು ಸಂಸಾರ ಮಾಡುವ ಸೊಸೆ. ಸೆರಗಿನ ತುದಿಗೆ ಒಂದು ಗಂಟು ಹಾಕಿದಳೆಂದರೆ ರೊಟ್ಟಿ ತಾನಾಗಿ ಬೇಯುತ್ತಿತ್ತು, ಅತ್ತೆಯ ತುರುಬು ಹಾರುತ್ತಿತ್ತು. ಯಾರನ್ನಾದರೂ ಮನೆಗೆ ಕರೆಸಬೇಕಾದರೆ ನಿಂಬೆಹಣ್ಣಿಗೆ ಕುಂಕುಮದಲ್ಲಿ ಕಣ್ಣು, ನಗುವ ಬಾಯಿ ಬರೆದು ಕಳಿಸುತ್ತಿದ್ದಳು. ಹಣ್ಣು ಉರುಳುತ್ತಾ ಹೋಗಿ ಅವರ ಹೊಸಿಲ ಮೇಲೆ ಕೂತು ಕಿಸಕ್ಕನೆ ನಕ್ಕು ಕರೆದುಕೊಂಡು ಬರುತ್ತಿತ್ತು. ನಾವು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆವು. ನಾನೂ ನಕ್ಕವಳೇ, ಸುಳ್ಳೇಕೆ ಹೇಳಲಿ.

ಒಂದು ಸಂಜೆ ಮಾದತ್ತೆ ಬೀದಿಯಲ್ಲಿ ಬರುತ್ತಿದ್ದಾಗ ಯಾರೂ ಉಸಿರು ಹಿಡಿಯಲಿಲ್ಲ. ರತ್ನ ಎದುರಿಗೇ ಹೋಗಿ ನಿಂತು, "ಅತ್ತೆ, ನೀನೂವೆ ಸೆರಗ್ಗೆ ಗಂಟಾಕು" ಎಂದಳು. ಮಾದತ್ತೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಣ್ಣು ಕಿರಿದು ಮಾಡಿ, ಸೆರಗಿನಲ್ಲಿ ಮೊದಲೇ ಇದ್ದ ಗಂಟನ್ನು ನಿಧಾನವಾಗಿ ಬಿಚ್ಚಿ, ಅದರೊಳಗಿದ್ದ ಹುರಿಗಡಲೆಯನ್ನು ರತ್ನಳ ಅಂಗೈಗೆ ಸುರಿದಳು. ಮಕ್ಕಳು ಹೋ ಎಂದು ಕೂಗಿದರು. ಆ ಕಡಲೆ ನನ್ನದು. ದಿನಾ ಸಂಜೆ ನನಗೆಂದು ಕಟ್ಟಿಡುತ್ತಿದ್ದ ಕಡಲೆ ಅದು!

ಒಂದು ತಿಂಗಳು ಕಳೆಯುವುದರೊಳಗೆ ಜಗಲಿಯ ಮೇಲೆ ನನಗೆ ಕೂರಲು ಜಾಗವಿಲ್ಲದಂತಾಯಿತು. ತಾಯಂದಿರು ತಾವೇ ಮಕ್ಕಳನ್ನು ತಂದು "ವಸಿ ದೃಷ್ಟಿ ತೆಗ್ದುಬುಡು ಮಾದಕ್ಕ" ಎನ್ನತೊಡಗಿದರು. ಒಂದು ಭಾನುವಾರ ರತ್ನಳ ಅವ್ವ ಅವಳ ಕೈಹಿಡಿದು, "ಬಾ ಮಾದಕ್ಕ, ನಿನ್ ಕತೆನೇ ಬತ್ತಾದೆ ಟೀವಿಲಿ" ಎಂದು ಒಳಗೆ ಕರೆದೊಯ್ದು ಚಾಪೆ ಹಾಕಿದಳು. ಇಪ್ಪತ್ತು ವರ್ಷದಲ್ಲಿ ಅವಳು ದಾಟಿದ ಮೊದಲ ಪರರ ಹೊಸಿಲು. ದಾಟುವ ಮುಂಚೆ ಕಾಲನ್ನು ಸೀರೆಯಂಚಿಗೆ ಎರಡೆರಡು ಸಲ ಒರೆಸಿಕೊಂಡಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನೆಂದೂ ನೋಡಿರಲಿಲ್ಲ, ಮತ್ತು ಅದನ್ನು ಅರಳಿಸಿದ್ದು ನಾನಲ್ಲ ಎನ್ನುವುದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಅದೇ ಸಂಜೆ ಹೋಗಿ ನೋಡಿದರೆ ಅವಳ ಮಂಡಿಗಳ ನಡುವೆ ರತ್ನ ಕೂತಿದ್ದಾಳೆ, "ಅಯ್ಯೋ" ಎನ್ನುತ್ತಿದ್ದಾಳೆ. ನನ್ನ "ಅಯ್ಯೋ" ಅದು. "ನೀ ವಸಿ ತಡಿ ಅಮ್ಮಿ, ಇವಳ್ದು ಆಗ್ಬುಡ್ಲಿ" ಎಂದಳು ಮಾದತ್ತೆ. ನಾನು ತಡೆಯಲಿಲ್ಲ, ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. ಹೊಟ್ಟೆಯೊಳಗೆ ಕಿಚ್ಚು ಹೊತ್ತಿತು ಎನ್ನುತ್ತಾರಲ್ಲ, ಹತ್ತು ವರ್ಷದ ಹುಡುಗಿಗೂ ಅದು ಪೂರ್ತಿ ಅಳತೆಯಲ್ಲೇ ಹೊತ್ತುತ್ತದೆ.

ಊರಿಗೆ ಮತ್ತೆ ಭಯ ಬಂದರೆ ಮಾದತ್ತೆ ಮತ್ತೆ ನನ್ನವಳಾಗುತ್ತಾಳೆ. ನನ್ನ ಲೆಕ್ಕಾಚಾರ ಇಷ್ಟೇ ಇತ್ತು. ಮಾರನೆಯ ಬೆಳಿಗ್ಗೆ, ಯಾರೂ ಬಾಗಿಲಿಗೆ ನೀರು ಹಾಕುವ ಮೊದಲು, ಅವಳ ಮರದಿಂದಲೇ ಒಂದು ನಿಂಬೆಹಣ್ಣು ಕಿತ್ತು, ಕುಂಕುಮ ಕಲಸಿ ಮುಖ ಬರೆದು, ಅರಿಸಿನದ ಅಕ್ಕಿ ಸುತ್ತ ಚೆಲ್ಲಿ ರತ್ನಳ ಹೊಸಿಲ ಮೇಲಿಟ್ಟು ಬಂದೆ. ನಮ್ಮ ಸೀಮೆಯಲ್ಲಿ ಹೊಸಿಲ ಮೇಲೆ ಕುಂಕುಮದ ನಿಂಬೆಹಣ್ಣು ಕಂಡರೆ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ. ಬೆಳಕು ಹರಿದು ಜನ ನೋಡುವಷ್ಟರಲ್ಲಿ ಹಣ್ಣು ಹೊರಳಿ ತಲೆಕೆಳಗಾಗಿ ನಿಂತಿತ್ತು. ನಾನು ಬರೆದ ನಗು, ನೋಡುವವರಿಗೆ ಹಲ್ಲು ಕಡಿಯುವ ಬಾಯಾಗಿ ಕಂಡಿತು. ಸಾಲದ್ದಕ್ಕೆ ಆವೊತ್ತೇ ರತ್ನಳಿಗೆ ಮೈ ಸುಡುವ ಜ್ವರ ಬಂತು.

ಬೀದಿಯೆಲ್ಲ ಸೇರಿತು. "ಒಳೀಕೆ ಕರ್ದು ಚಾಪೆ ಆಕಿದ್ನಲ್ಲೇ, ನನ್ ಮಗಳ್ಗೇ ಮಾಡ್ಬುಟ್ಟಲ್ಲೇ!" ಎಂದು ರತ್ನಳ ಅವ್ವ ಎದೆ ಬಡಿದುಕೊಂಡಳು. ಮಾದತ್ತೆ ಬಂದಳು. ಯಾರೂ ಮುಟ್ಟದ ಹಣ್ಣನ್ನು ಬಗ್ಗಿ ಎತ್ತಿಕೊಂಡು, ಅಂಗೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದಳು. ಆಮೇಲೆ ತಲೆಯೆತ್ತಿ ಒಂದೇ ಒಂದು ಕ್ಷಣ ನನ್ನ ಕಡೆ ನೋಡಿದಳು. "ಊ ಕಣವ್ವ, ನಮ್ ಮರದ್ದೇಯ" ಎಂದಷ್ಟೇ ಹೇಳಿ, ಹಣ್ಣನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಹೋದಳು. ಊರು ಅದನ್ನೇ ಒಪ್ಪಿಗೆ ಎಂದುಕೊಂಡಿತು. ತೆರೆದಿದ್ದ ಬಾಗಿಲುಗಳೆಲ್ಲ ಮುಚ್ಚಿದವು. ಟೀವಿಯಲ್ಲಿ ಮಾತ್ರ ಮಾಟಗಾತಿ ಸೊಸೆ ಭಾನುವಾರ ಭಾನುವಾರ ಬರುತ್ತಲೇ ಇದ್ದಳು, ಜನ ನಗುತ್ತಲೇ ಇದ್ದರು.

ಜಗಲಿ ಖಾಲಿಯಾಯಿತು, ನಾನು ಬಯಸಿದ್ದು ಸಿಕ್ಕಿತು. ಆದರೆ ಅಲ್ಲಿಗೆ ಹೋಗಿ ಕೂರುವ ಮುಖ ನನಗಿರಲಿಲ್ಲ. ಶಾಲೆಗೆ ಹಿಂದಿನ ಬೀದಿಯಿಂದ ಓಡಾಡತೊಡಗಿದೆ. ಹೈಸ್ಕೂಲಿಗೆ ಯಳಂದೂರಿನ ಹಾಸ್ಟೆಲ್ ಸೇರಿದೆ, ಆಮೇಲೆ ಓದು, ಕೆಲಸ, ಮದುವೆ. ಹಬ್ಬಕ್ಕೆ ತವರಿಗೆ ಹೋದಾಗ ಹಬ್ಬದ ಅಡುಗೆಯನ್ನು ಅಪ್ಪನ ಕೈಲಿ ಕಳಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಿದ್ದೆ. ನನಗೆ ಯಾವಾಗಲೂ ಬಸ್ಸಿಗೆ ಹೊತ್ತಾಗಿರುತ್ತಿತ್ತು.

ಮಗಳ ಮಡಿಲಿನ ಆ ಹಣ್ಣು ನೋಡಿದ ದಿನ ಭಾನುವಾರ. ಚಿತ್ರಾನ್ನ ಹಾಗಿರಲಿ ಎಂದು ಅವಳನ್ನು ಕರೆದುಕೊಂಡು ಅಗರದ ಬಸ್ಸು ಹತ್ತಿದೆ. ಹಣ್ಣನ್ನು ಅವಳು ಕೈಬಿಡಲಿಲ್ಲ.

ಮಾದತ್ತೆಗೆ ಈಗ ಕಣ್ಣು ಮಂದ. ಜಗಲಿಯ ಮೇಲೆ ಕೂತಿದ್ದಳು, ಹಿಂದೆ ಕೂತು ಅವಳ ಬೆಳ್ಳಗಿನ ಕೂದಲನ್ನು ಬಾಚುತ್ತಿದ್ದವಳು ರತ್ನ! ಊರಿನಲ್ಲೇ ಮದುವೆಯಾಗಿ ಉಳಿದವಳು. ಹೇಳಲು ನಾಚಿಕೆಯಾಗುತ್ತದೆ, ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಅದೇ ಹಳೆಯ ಕಿಚ್ಚು. ಆ ಬಾಚಣಿಗೆಯನ್ನು ಕಿತ್ತುಕೊಳ್ಳಬೇಕೆನ್ನಿಸಿತು.

ಬಂದವರು ಯಾರೆಂದು ರತ್ನ ಬಗ್ಗಿ ಮಾದತ್ತೆಯ ಕಿವಿಯಲ್ಲಿ ಹೇಳಿದಳು. ಮಗಳು ಸೀದಾ ಹೋಗಿ ಹಣ್ಣನ್ನು ಅವಳ ಕೈಗೆ ಕೊಟ್ಟಳು. ಅವಳು ಅದನ್ನು ಕಣ್ಣಿನ ಹತ್ತಿರ ತಂದು, ಅಂದಿನಂತೆಯೇ ಒಂದು ಸುತ್ತು ತಿರುಗಿಸಿದಳು. ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ನಿಮ್ಮವ್ವನೂ ಇಂಗೇ ಬರ್ದಿದ್ಲು ಕಣವ್ವ" ಎಂದಳು.

"ಗೊತ್ತಿತ್ತಾ ಅತ್ತೆ?" ಎಂದೆ.

"ಮಾಟ ಮಾಡೋರು ನಗೋ ಬಾಯಿ ಬರ್ದಾರೇನಮ್ಮಿ? ಟೀವಿ ನೋಡೋ ಐಕಳು ಮಕ್ಳ ಕೆಲ್ಸ ಅಂತ ಆಗ್ಲೇ ಗೊತ್ತಾಯ್ತು. ಮಿಕ್ಕ ಐಕಳೆಲ್ಲ ಇಣುಕಿ ಇಣುಕಿ ನೋಡ್ತಿದ್ದೊ. ನೀನೊಬ್ಬಳು ಕೈಯ ಹಿಂದಕ್ಕೆ ಕಟ್ಕಂಡು ನಿಂತಿದ್ದೆ."

"ನಿಂಬೆಣ್ಣು ಇಟ್ಟಿದ್ದು ನೀನಾ?" ಎಂದಳು ರತ್ನ. ಬಾಚಣಿಗೆ ನಿಂತಿತ್ತು. ನಾನು ಹೌದೆಂದು ತಲೆಯಾಡಿಸಿದೆ. ಬಯ್ಯುತ್ತಾಳೆ ಎಂದುಕೊಂಡೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗತೊಡಗಿದಳು. "ಅಯ್ಯೋ, ನಾನು ಅತ್ತೆನೇ ನನ್ ಕರ್ಕಬರಾಕೆ ಕಳ್ಸವ್ಳೆ ಅಂದ್ಕಂಡಿದ್ದೆ ಕಣೆ! ಟೀವಿಲಿ ಅಂಗೇ ತಾನೆ? ಜ್ವರ ಬುಟ್ಟ ಕೂಡ್ಲೆ ನಮ್ಮವ್ವನ್ ಕಣ್ಣು ತಪ್ಪುಸಿ ಓಡಿ ಬಂದ್ಬುಟ್ಟೆ. ಅವತ್ತಿಂದ ಬತ್ತಾನೇ ಇವ್ನಿ."

ನಾನಿಟ್ಟ ನಿಂಬೆಹಣ್ಣು ಊರನ್ನೆಲ್ಲ ಓಡಿಸಿ, ನಾನು ಯಾರನ್ನು ಓಡಿಸಬೇಕೆಂದಿದ್ದೆನೋ ಅವಳೊಬ್ಬಳನ್ನು ಮಾತ್ರ ಕೈಹಿಡಿದು ಕರೆದುತಂದಿತ್ತು. ಊರವರೆಲ್ಲ ನಕ್ಕು ಮರೆತ ಧಾರಾವಾಹಿಯನ್ನು ನಿಜವೆಂದು ನಂಬಿದವಳು ಇವಳೊಬ್ಬಳೇ. ನಾನು ಟೀವಿಯಿಂದ ಕಲಿತದ್ದು ಒಂದು ಮುಖ ಬರೆಯುವುದನ್ನು. ಅವಳು ಕಲಿತದ್ದು, ಮಾಟಗಾತಿ ಕರೆದರೆ ಹೋಗಬಹುದು ಎನ್ನುವುದನ್ನು.

"ಮತ್ತೆ ನನ್ನ ಹೆಸರು ಯಾಕೆ ಹೇಳ್ಲಿಲ್ಲ ಅತ್ತೆ?" ಎಂದೆ.

ಮಾದತ್ತೆ ಹಣ್ಣನ್ನು ಮಗಳ ಕೈಗೆ ವಾಪಸು ಕೊಟ್ಟಳು. "ನಿನ್ ಎಸ್ರು ಏಳಿದ್ರೆ ನಿಮ್ಮಪ್ಪ ನಿನ್ನ ನಮ್ಮನೆ ಕಡೀಕೆ ಬುಡ್ತಿದ್ನ? ಊರ್ನೋರೆಲ್ಲ ಬುಟ್ಟೋದ್ರೂ ನೀನು ಬಂದೇ ಬತ್ತೀಯ ಅಂದ್ಕಂಡಿದ್ದೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು: "ನೀನೇ ಬರ್ನಿಲ್ಲ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನಾನು ಜಗಲಿಯ ಅಂಚಿನಲ್ಲಿ ಕೂತು ಅತ್ತುಬಿಟ್ಟೆ. ರತ್ನ ಎದ್ದು ಒಳಗೆ ಹೋಗಿ ಲೋಟದಲ್ಲಿ ನೀರು ತಂದುಕೊಟ್ಟಳು, ಅವಳಿಗೆ ಆ ಮನೆಯ ಲೋಟ ಎಲ್ಲಿದೆಯೆಂದು ಗೊತ್ತಿತ್ತು, ಅದಕ್ಕೂ ನನಗೆ ಹೊಟ್ಟೆಯುರಿಯಿತು.

ಇದು ಕಳೆದ ವಾರದ ಮಾತು. ಈ ಭಾನುವಾರ ನಾನು ಕೊಳ್ಳೇಗಾಲದಿಂದ ಮೊದಲ ಬಸ್ಸಿಗೇ ಹೊರಟೆ. ಪಶ್ಚಾತ್ತಾಪಕ್ಕೆ ಅಷ್ಟು ಬೇಗ ಏಳುವ ಅಭ್ಯಾಸವಿಲ್ಲ, ನನ್ನನ್ನು ಎಬ್ಬಿಸಿದ್ದು ರತ್ನಳಿಗಿಂತ ಮುಂಚೆ ತಲುಪಬೇಕೆಂಬ ಹಟ. ತಲುಪಿದೆ. ಅವಳ ಚಪ್ಪಲಿ ಇನ್ನೂ ಬಂದಿರಲಿಲ್ಲ. ಗೂಡಿನಲ್ಲಿದ್ದ ಬಾಚಣಿಗೆ ತೆಗೆದುಕೊಂಡು, ಜಗಲಿಯ ಮೇಲಿದ್ದ ಮಾದತ್ತೆಯ ಹಿಂದೆ ಸದ್ದಿಲ್ಲದೆ ಕೂತು ಕೂದಲು ಬಿಡಿಸತೊಡಗಿದೆ.

"ರತ್ನವ?" ಎಂದಳು ಅವಳು, ತಿರುಗದೆ.

"ಅಲ್ಲ ಅತ್ತೆ. ನಾನು" ಎಂದೆ.

ಅವಳು ಹಿಂದಕ್ಕೆ ಕೈಚಾಚಿ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಬಂದ್ಯಾ" ಎಂದಳು.