ವರ್ಲಾ ಗ್ರೇಬರ್ ಕಿಟಕಿ ಮುಚ್ಚಿದ ಶನಿವಾರ

ಎಲ್ಕ್ ಬೆಂಡ್ ಶಾಲೆಯ ಮೈದಾನದಲ್ಲಿ, ಊರಿನವರು ಕೂರುವ ಮೆಟ್ಟಿಲುಗಳ ಪಕ್ಕಕ್ಕೆ, ತಿಂಡಿ ಮಾರುವ ಒಂದು ಕಿಟಕಿ ಇದೆ. ಅದರ ಹಿಂದೆ ವರ್ಲಾ ಗ್ರೇಬರ್ ಮೂವತ್ತೊಂದು ವರ್ಷದಿಂದ ನಿಂತಿದ್ದಾಳೆ. ಕುರಿಮಾಂಸದ ಸಣ್ಣ ತುಂಡುಗಳನ್ನು ಎಣ್ಣೆಯಲ್ಲಿ ಕರಿದು ಬೆಳ್ಳುಳ್ಳಿ ಉಪ್ಪು ಉದುರಿಸಿದರೆ ಅದು ಚಿಸ್ಲಿಕ್. ಅಮೆರಿಕದ ದಕ್ಷಿಣ ಡಕೋಟಾದ ಈ ಮೂಲೆಯಲ್ಲಿ ಅದಿಲ್ಲದೆ ಮದುವೆಯೂ ಆಗುವುದಿಲ್ಲ, ಮ್ಯಾಚೂ ಆಗುವುದಿಲ್ಲ. ವರ್ಲಾ ಕರಿಯುತ್ತಾಳೆ, ನಾನು ಪ್ರತಿ ತಟ್ಟೆಗೆ ಆರು ಉಪ್ಪುಬಿಸ್ಕತ್ತು ಇಡುತ್ತೇನೆ. ಒಮ್ಮೆ ಕೈತಪ್ಪಿ ಏಳು ಇಟ್ಟಿದ್ದಕ್ಕೆ ಅವಳು ಒಂದು ವಾರ ನನ್ನೊಡನೆ ಮಾತಾಡಿರಲಿಲ್ಲ.

ಮೈದಾನದ ಕಡೆಗೆ ಬೆನ್ನು ಹಾಕಿಕೊಂಡೇ ಅವಳು ಆಟ ನೋಡಬಲ್ಲಳು. ನಮ್ಮ ಫುಟ್‌ಬಾಲ್ ಇದೆಯಲ್ಲ, ಹೆಸರಿಗೆ ಕಾಲಿನ ಚೆಂಡು, ಒಯ್ಯುವುದು ಕಂಕುಳಲ್ಲಿ, ಅದರಲ್ಲಿ ಆರು ಸೆಕೆಂಡು ಆಟ, ಅರ್ಧ ನಿಮಿಷ ಸಮಾಲೋಚನೆ. ಸೀಟಿ ಊದಿದ ರೀತಿಯಲ್ಲೇ ವರ್ಲಾಳಿಗೆ ಎಲ್ಲ ತಿಳಿಯುತ್ತಿತ್ತು. "ಇದು ಟೈಮ್‌ಔಟು. ಹನ್ನೆರಡು ತಟ್ಟೆ ಇಡು" ಎನ್ನುವಳು. ಹನ್ನೆರಡೇ ಜನ ಬರುವರು. ಮೂರು ತಲೆಮಾರಿನ ಹೊಟ್ಟೆಗಳು ಸೀಟಿಗೆ ಪಳಗಿಬಿಟ್ಟಿದ್ದವು. ಸೀಟಿ ಬಿತ್ತೆಂದರೆ ಎದ್ದೇಳು, ತಿನ್ನು, ವಾಪಸು ಬಾ, ಏನೂ ತಪ್ಪಿರುವುದಿಲ್ಲ.

ಇಂಥ ಊರಿಗೆ ನಾಲ್ಕು ವರ್ಷದ ಹಿಂದೆ ಹುಡುಗಿಯರ ಸಾಕರ್, ಅಂದರೆ ಚೆಂಡನ್ನು ನಿಜವಾಗಿಯೂ ಕಾಲಲ್ಲೇ ಒದೆಯುವ ಆಟದ ತಂಡ ಬಂತು. ವರ್ಲಾಳ ಮೊಮ್ಮಗಳು ಟ್ರೀನಾ ಹೈಸ್ಕೂಲಿಗೆ ಕಾಲಿಟ್ಟ ವರ್ಷವೇ ಅದರ ಗೋಲ್‌ಕೀಪರ್ ಆದಳು. ಶನಿವಾರ ಮಧ್ಯಾಹ್ನ ಆಟ. ಟ್ರೀನಾಳ ಮೊದಲ ಮ್ಯಾಚಿಗೆ ಅರ್ಧ ಊರು ಬಂದಿತ್ತು. ಐದನೇ ನಿಮಿಷಕ್ಕೆ ಯಾರೋ ಯಾರನ್ನೋ ಎಡವಿಸಿ ಬೀಳಿಸಿದರು, ಸೀಟಿ ಬಿತ್ತು, ಅರ್ಧ ಊರೂ ಎದ್ದು ಕಿಟಕಿಗೆ ಬಂತು. ಸಾಕರಿನಲ್ಲಿ ಸೀಟಿ ಬಿದ್ದರೆ ಎರಡೇ ಉಸಿರಿಗೆ ಆಟ ಮತ್ತೆ ಶುರು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಡೀ ಮ್ಯಾಚಿನ ಒಂದೇ ಒಂದು ಗೋಲು, ಅದೂ ನಮ್ಮವರೇ ಹೊಡೆದದ್ದು, ಊರಿನ ಬೆನ್ನ ಹಿಂದೆ ಆಗಿಹೋಯಿತು. ಎಲ್ಲರೂ ತಟ್ಟೆ ಹಿಡಿದು ತಿರುಗುವಷ್ಟರಲ್ಲಿ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು.

"ಏನಾಯ್ತು?"

"ಗೋಲಂತೆ."

"ಯಾವಾಗ?"

"ನೀನು ಸಾಸ್ ಕೇಳ್ತಿದ್ದೆ ನೋಡು, ಆವಾಗ."

ಮುಂದಿನ ವಾರ ಕಾಲು ಊರು ಬಂತು. ಅದರ ಮುಂದಿನ ವಾರ ಬಂದವರು ಬರೀ ಅಪ್ಪ ಅಮ್ಮಂದಿರು, ಅವರೂ ಅರ್ಧ ಆಟಕ್ಕೇ ಕಾರು ಹತ್ತುವರು. ಗೋಲು ಕಂಡವರಿಲ್ಲ, ಕಂಡದ್ದೆಲ್ಲ ಬರೀ ಗೋಳು.

ಆ ಗೋಳನ್ನು ಹೆಚ್ಚು ತೋಡಿಕೊಂಡವನು ಆರ್ಲಿನ್ ಉನ್ರು. ಮೆಟ್ಟಿಲ ನೆತ್ತಿಯ ಮರದ ಗೂಡಿನಲ್ಲಿ ಮೈಕ್ ಹಿಡಿದು ಕೂತು ಇಪ್ಪತ್ತೈದು ವರ್ಷದಿಂದ ಆಟ ಸಾರುವವನು. ಶಾಲಾ ಮಂಡಳಿಯ ಸದಸ್ಯ ಕೂಡ. ವರ್ಲಾ, ಆರ್ಲಿನ್, ನಾನು ಮೂವರೂ ಒಂದೇ ತರಗತಿಯಲ್ಲಿ ಓದಿದವರು. ಅವನ ಬಳಿ ಒಂದು ಹಸಿರು ಪುಸ್ತಕ ಇದೆ. ಎಪ್ಪತ್ತು ವರ್ಷದಲ್ಲಿ ಈ ಮೈದಾನದಲ್ಲಿ ಯಾರು ಎಷ್ಟು ಗಜ ಓಡಿದರು, ಎಷ್ಟು ಸಲ ಬಿದ್ದರು, ಎಲ್ಲ ಅದರಲ್ಲಿದೆ. ಸಾಕರಿಗೆ ಅವನು ಅದರಲ್ಲಿ ಒಂದು ಪುಟವನ್ನೇನೋ ಕೊಟ್ಟಿದ್ದ. ಆ ಪುಟ ನಮ್ಮೂರಿನ ಜನವರಿಯ ಹಿಮದಂತೆ ಬೆಳ್ಳಗಿತ್ತು.

ಟ್ರೀನಾಳ ಎರಡನೇ ವರ್ಷದ ಅಕ್ಟೋಬರಿನಲ್ಲಿ ಆರ್ಲಿನ್ ಕಿಟಕಿಗೆ ಬಂದ. ಮೊದಲು ಹಲ್ಲುಕಡ್ಡಿಯಲ್ಲಿ ಚುಚ್ಚಿ ಚುಚ್ಚಿ ಒಂದು ತಟ್ಟೆ ಮುಗಿಸಿದ. ಕೆಟ್ಟ ಸುದ್ದಿ ತರುವವರು ನಮ್ಮೂರಲ್ಲಿ ತಿಂದೇ ಹೇಳುತ್ತಾರೆ.

"ಮಂಡಳೀಲಿ ಮಾತಾಯ್ತು ಕಣೇ ವರ್ಲಾ. ಮುಂದಿನ ವರ್ಷ ಸಾಕರ್ ನಿಲ್ಸೋಣ ಅಂತಿದಾರೆ."

"ಅಂತಿದಾರೋ, ಅಂದೆಯೋ?"

"ನಾನೂ ಅಂದೆ. ಸುಳ್ಳ್ಯಾಕೆ ಹೇಳ್ಲಿ? ಒಂದೂವರೆ ಗಂಟೆ ಓಡ್ತಾರೆ, ಕೊನೇಗೆ ಸೊನ್ನೆ-ಸೊನ್ನೆ. ಇವರೂ ಗೆಲ್ಲಿಲ್ಲ, ಅವರೂ ಸೋಲ್ಲಿಲ್ಲ. ನಾನು ಮನೆಗೆ ಯಾವ ಮುಖ ಹೊತ್ಕೊಂಡ್ ಹೋಗ್ಲಿ ಹೇಳು, ಖುಷೀದೋ ಬೇಜಾರಿಂದೋ?"

"ನಿಂಗಿರೋದು ಒಂದೇ ಮುಖ ಅಲ್ವೇನೋ, ಅದನ್ನೇ ಹೊತ್ಕೊಂಡ್ ಹೋಗು."

"ತಮಾಷೆ ಬಿಡೇ. ಜನ ಕೂರಲ್ಲ. ಕೂರದೇ ಇರೋ ಆಟಕ್ಕೆ ಮೈದಾನ ಯಾಕೆ?"

ವರ್ಲಾ ಜಾಲರಿಯನ್ನು ಎಣ್ಣೆಯಿಂದ ಎತ್ತಿ ಕುಟ್ಟಿದಳು. "ಕೊನೇ ಮ್ಯಾಚ್ ಇಲ್ಲೇ ಅಲ್ವಾ, ಸೂ ಫಾಲ್ಸ್‌ನೋರ ಜೊತೆ? ಅವತ್ತು ಊರು ಕೊನೇ ಸೀಟಿ ತನಕ ಕೂತಿದ್ರೆ?"

ಆರ್ಲಿನ್ ನಕ್ಕ. ಸೂ ಫಾಲ್ಸಿನ ಆ ದೊಡ್ಡ ಶಾಲೆ ಸೆಪ್ಟೆಂಬರಿನಲ್ಲಿ ನಮ್ಮವರಿಗೆ ಏಳು ಗೋಲು ಬಡಿದಿತ್ತು. "ಕೂತಿದ್ರೆ ನಾನೇ ಕೈ ಎತ್ತಿ ತಂಡ ಉಳಿಸ್ತೀನಿ. ಅರ್ಧಕ್ಕೆ ಎದ್ದ್ ಹೋದ್ರೆ ನೀನು ನನ್ಮೇಲೆ ಮುನಿಸ್ಕೋಬಾರ್ದು."

"ಆಯ್ತು. ಆ ಹಲ್ಲುಕಡ್ಡಿ ನೆಲಕ್ಕೆ ಹಾಕ್ಬೇಡ."

ಈ ಪಣ ಸೋತರೆ ಟ್ರೀನಾಳ ಇನ್ನೆರಡು ವರ್ಷದ ಆಟ ಹೋಗುತ್ತದೆ. ಆ ಹುಡುಗಿ ಮಾತು ಕಡಿಮೆ, ಬೇರೆ ಯಾವ ಆಟಕ್ಕೂ ಒಗ್ಗಿದವಳಲ್ಲ. ಗೋಲಿನ ಕಂಬಗಳ ನಡುವೆ ನಿಂತರೆ ಮಾತ್ರ ಒಂದಡಿ ಎತ್ತರ ಕಾಣುತ್ತಿದ್ದಳು.

ಆ ಶನಿವಾರ ನಾನು ಹನ್ನೊಂದಕ್ಕೆ ಹೋದಾಗ ಕಿಟಕಿಯ ಬಾಗಿಲು ಎಳೆದು ಚಿಲಕ ಹಾಕಿತ್ತು. ಅಷ್ಟು ವರ್ಷಗಳಲ್ಲಿ ಹಿಮಗಾಳಿಗೂ ಮುಚ್ಚದ ಕಿಟಕಿ. ಯಾರೋ ಹೋಗಿಬಿಟ್ಟರೇನೋ ಎಂದು ನಾನು ಟೋಪಿ ತೆಗೆದೆ.

"ಟೋಪಿ ಹಾಕ್ಕೊಂಡು ಒಳಗೆ ಬಾ" ಎಂದಳು ವರ್ಲಾ ಹಿಂಬಾಗಿಲಿಂದ. "ಇವತ್ತು ಅವರು ನಮ್ಮತ್ರ ಬರೋ ಹಾಗಿಲ್ಲ. ನಾವೇ ಅವರತ್ರ ಹೋಗ್ತೀವಿ. ಮೇಲಿನ ಸಾಲಿಂದ ಶುರು ಮಾಡು."

"ಈ ಮಂಡಿ ಇಟ್ಕೊಂಡು ಮೆಟ್ಲು ಹತ್ಲಾ?"

"ಮಂಡಿ ಇಟ್ಟು ಬರ್ತೀಯಾದ್ರೆ ಇಟ್ಟು ಬಾ. ತಟ್ಟೆ ಮಾತ್ರ ಹೋಗ್ಬೇಕು."

ಕೂತಲ್ಲಿಗೇ ಚಿಸ್ಲಿಕ್ ಬರುತ್ತದೆಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಸಾಕರ್ ನೋಡಲು ಅಲ್ಲದಿದ್ದರೂ ಈ ಪವಾಡ ನೋಡಲು ಮೆಟ್ಟಿಲು ತುಂಬಿತು. ಕರಿಯುವುದನ್ನೆಲ್ಲ ಮೊದಲೇ ಮುಗಿಸಿದ್ದ ವರ್ಲಾ ಮಾತ್ರ ನನ್ನ ಜೊತೆ ಹತ್ತಲಿಲ್ಲ. ಕಿಟಕಿಯ ಮೇಲಿನ ಬೆಲೆಯ ಹಲಗೆಯನ್ನು ಕಿತ್ತು, ಅದರ ಅಂಕಿಗಳ ಡಬ್ಬಿಯನ್ನೂ ಹಿಡಿದು, ಟ್ರೀನಾಳ ಗೋಲಿನ ಹಿಂದಿನ ಬೇಲಿಗೆ ಹೋಗಿ ನಿಂತಳು.

ಮೂರನೇ ನಿಮಿಷಕ್ಕೆ ಸೂ ಫಾಲ್ಸಿನ ಉದ್ದ ಹುಡುಗಿಯೊಬ್ಬಳು ಬಿಗಿಯಾಗಿ ಒದ್ದಳು. ಟ್ರೀನಾ ಬಲಕ್ಕೆ ಬಿದ್ದು ಚೆಂಡನ್ನು ತಬ್ಬಿದಳು. ವರ್ಲಾ ಹಲಗೆಗೆ ಒಂದು ಅಂಕಿ ಸಿಕ್ಕಿಸಿದಳು: 1. ಸ್ವಲ್ಪ ಹೊತ್ತಿಗೆ 2. ಆಮೇಲೆ ಒಟ್ಟೊಟ್ಟಿಗೆ 3, 4.

ಮೇಲಿನ ಗೂಡಿನಿಂದ, ಮೈಕ್ ಆರಿಸುವುದನ್ನು ಮರೆತ ಆರ್ಲಿನ್ನನ ದನಿ ಊರಿಗೆಲ್ಲ ಕೇಳಿತು. "ವರ್ಲಾ, ಅದೇನೇ ನಂಬರು?"

"ನನ್ ಮೊಮ್ಮಗಳು ತಡೆದಿದ್ದು!" ಎಂದು ಅವಳು ಬೇಲಿಯಿಂದ ಕೂಗಿದಳು. "ಸಾರೋನು ನೀನು, ಕೇಳೋನೂ ನೀನೇನಾ?"

ಮೆಟ್ಟಿಲೆಲ್ಲ ನಕ್ಕಿತು. ಆದರೆ ಐದನೆಯದಕ್ಕೆ ಯಾರೋ "ಐದು!" ಎಂದರು, ಆರನೆಯದಕ್ಕೆ ಹತ್ತು ಜನ ಎಂದರು. ನಮ್ಮ ಜನಕ್ಕೆ ಒಂದು ಸಂಖ್ಯೆ ಕೊಟ್ಟುಬಿಟ್ಟರೆ ಸಾಕು, ಪೇಂಟ್ ಒಣಗುವುದನ್ನೂ ನೋಡುತ್ತಾರೆ, ಕಳೆದ ವರ್ಷ ಎಷ್ಟು ಹೊತ್ತಿಗೆ ಒಣಗಿತ್ತು ಎಂದೂ ಹೇಳುತ್ತಾರೆ. ಅರ್ಧ ಆಟ ಮುಗಿದಾಗ ಎಂಟು. ಯಾರೂ ಕಾರಿನ ಕಡೆ ನೋಡಲಿಲ್ಲ. ತಂಡಗಳು ದಿಕ್ಕು ಬದಲಿಸಿದವು. ವರ್ಲಾ ಹಲಗೆ ಹೊತ್ತು ಮೈದಾನದ ಅಂಚಿನುದ್ದಕ್ಕೂ ಆಚೆ ಗೋಲಿಗೆ ನಡೆದಾಗ ಜನ ಅವಳಿಗೇ ಚಪ್ಪಾಳೆ ಹೊಡೆದರು.

ಹನ್ನೆರಡನೆಯದಕ್ಕೆ ಮೈಕ್ ಮತ್ತೆ ಗೊರಗುಟ್ಟಿತು. ಹಾಳೆ ಮಗುಚುವ ಸದ್ದು. "ಮಹನೀಯರೇ, ಮಹಿಳೆಯರೇ," ಎಂದ ಆರ್ಲಿನ್, ಗಂಟಲು ಸರಿಮಾಡಿಕೊಂಡು, "ಒಂದು ಮ್ಯಾಚಿನಲ್ಲಿ ಹನ್ನೆರಡು ತಡೆ. ಇದು ನಮ್ಮ ಶಾಲೆಯ ದಾಖಲೆ!"

ಅವನ ಪುಟ ಖಾಲಿಯೇ ಇತ್ತು, ಒಂದು ತಡೆದಿದ್ದರೂ ದಾಖಲೆಯೇ. ಆದರೆ ಊರು ಎದ್ದು ನಿಂತು ಕೂಗಿತು.

ಹದಿನಾರು ಆಯಿತು. ಸೊನ್ನೆ-ಸೊನ್ನೆ. ಕೊನೆಗೆ ಐವತ್ತು ಸೆಕೆಂಡು ಉಳಿದಿರುವಾಗ ನಮ್ಮ ಹುಡುಗಿಯೊಬ್ಬಳು ಗೋಲಿನ ಎದುರೇ ಎದುರಾಳಿಯ ಕಾಲಿಗೆ ಕಾಲು ಕೊಟ್ಟಳು. ಸೀಟಿ ಬಿತ್ತು. ಗಡಿಯಾರ ನಿಂತಿತು. ಪೆನಾಲ್ಟಿ.

ಅವತ್ತು ಆಟದ ನಡುವೆ ಬಂದ ಮೊದಲ ನಿಜವಾದ ನಿಲುಗಡೆ. ಮೂರು ತಲೆಮಾರಿನ ಹೊಟ್ಟೆಗಳು ಎಚ್ಚೆತ್ತವು. ನನ್ನ ಕಣ್ಣೆದುರೇ ನಾನೂರು ಜನ ಎದ್ದು ಕಿಟಕಿಯ ಕಡೆ ತಿರುಗಿದರು.

ಕಿಟಕಿ ಮುಚ್ಚಿತ್ತು.

"ಎಲ್ಲಿಗ್ರೋ?" ಎಂದಳು ವರ್ಲಾ. ಮೈಕಿಲ್ಲದೆಯೇ ಊರಂಚಿನ ಧಾನ್ಯ ಶೇಖರಿಸುವ ಗೋಪುರದ ತನಕ ಕೇಳಿರಬೇಕು. "ಕೂತ್ಕೊಳ್ರೋ! ಇವತ್ತು ಬೆನ್ನು ಹಾಕಿದ್ರೆ ಜನ್ಮದಲ್ಲಿ ಚಿಸ್ಲಿಕ್ ಕೊಡಲ್ಲ!"

ನಾನೂರು ಜನ ಕೂತರು.

ಉದ್ದ ಹುಡುಗಿ ಚೆಂಡಿಟ್ಟಳು, ನಾಲ್ಕು ಹೆಜ್ಜೆ ಹಿಂದೆ ಹೋದಳು, ಓಡಿ ಬಂದು ಎಡ ಮೂಲೆಗೆ ಒದ್ದಳು. ಟ್ರೀನಾ ಅಷ್ಟರಲ್ಲೇ ಗಾಳಿಯಲ್ಲಿದ್ದಳು. ಚೆಂಡು ಅವಳ ಬೆರಳ ತುದಿಗೆ ತಗುಲಿ, ಕಂಬಕ್ಕೆ ಬಡಿದು, ಬೇಲಿ ಹಾರಿ, ಅಜ್ಜಿಯ ಡಬ್ಬಿಯನ್ನು ಉರುಳಿಸಿತು. ಅಂಕಿಗಳೆಲ್ಲ ಹುಲ್ಲಿಗೆ ಚೆಲ್ಲಿದವು. ವರ್ಲಾ ಮಂಡಿಯೂರಿ ಹುಡುಕುತ್ತಿರುವಾಗಲೇ ಊರು ಒಂದೇ ದನಿಯಲ್ಲಿ ಹೇಳಿಯಾಗಿತ್ತು: "ಹದಿನೇಳು!"

ಉಳಿದ ಸೆಕೆಂಡುಗಳನ್ನು ಜನ ಬಾಯಲ್ಲೇ ಇಳಿಸಿ ಎಣಿಸಿದರು. ಗಡಿಯಾರದಲ್ಲಿ ಸೊನ್ನೆ, ನಮಗೆ ಸೊನ್ನೆ, ಅವರಿಗೆ ಸೊನ್ನೆ. ಆರ್ಲಿನ್ ಮೈಕ್ ಬಿಟ್ಟು ಮೆಟ್ಟಿಲಿಳಿದು ಓಡಿ ಬಂದ. ಅವನ ಮುಖ ನೋಡಿದೆ. ಯಾವ ಮುಖ ಹೊತ್ತು ಮನೆಗೆ ಹೋಗಲಿ ಎಂದಿದ್ದನಲ್ಲ, ಅದು ಕಿವಿಯಿಂದ ಕಿವಿಗೆ ಬಿರಿದಿತ್ತು.

"ನಾವೇನು ಗೆಲ್ಲಿಲ್ಲ ಅಲ್ವೇನೆ?" ಎಂದ ಏದುಸಿರು ಬಿಡುತ್ತ.

"ಇಲ್ಲ ಕಣೋ."

"ಮತ್ಯಾಕೆ ಹಿಂಗಾಗ್ತಿದೆ ನಂಗೆ?"

"ಕೊನೇತನಕ ಕೂತೆ ನೋಡು, ಅದಕ್ಕೆ."

ಟ್ರೀನಾ ಬೇಲಿಯ ಬಳಿ ಬಂದಳು, ಮೈಯೆಲ್ಲ ಮಣ್ಣು. "ಅಜ್ಜೀ, ಹಸಿವು" ಎಂದಳು. ವರ್ಲಾ ಹೋಗಿ ಕಿಟಕಿ ತೆರೆದಳು. ಆ ಒಂದು ತಟ್ಟೆಗೆ ಮಾತ್ರ ಅವಳೇ ಏಳು ಬಿಸ್ಕತ್ತು ಇಟ್ಟಳು. ನಾನು ಎಣಿಸಿ ನೋಡಿ, ತಟ್ಟೆಯನ್ನು ಟ್ರೀನಾಳ ಕೈಗೆ ಕೊಟ್ಟೆ.

ಮಂಡಳಿಯಲ್ಲಿ ಮೊದಲು ಎದ್ದ ಕೈ ಆರ್ಲಿನ್ನನದು. ತಂಡ ಇದೆ. ಈಗ ಶನಿವಾರ ತಟ್ಟೆಗಳನ್ನು ಹೊತ್ತು ಹತ್ತಲು ನಾಲ್ಕು ಜನ ಇದ್ದೇವೆ, ನನ್ನ ಮಂಡಿ ಒಂದಕ್ಕೆ ರಿಪೇರಿಯಾಗಿದೆ. ಬೆಲೆಯ ಹಲಗೆ ಮತ್ತೆ ಕಿಟಕಿಯ ಮೇಲಿದೆ. ಅದರ ನೆತ್ತಿಯಲ್ಲಿ, ಯಾವ ತಿನಿಸಿನ ಹೆಸರೂ ಇಲ್ಲದೆ, ವರ್ಲಾ ಒಂದು 0 ಸಿಕ್ಕಿಸಿಟ್ಟಿದ್ದಾಳೆ. ಪರಊರಿನವರು ಅದನ್ನು ನೋಡಿ, ಇಲ್ಲಿ ಏನಾದರೂ ಪುಕ್ಕಟೆಯೇ ಎಂದು ಕೇಳುತ್ತಾರೆ.

"ಪುಕ್ಕಟೆ ಅಲ್ಲಪ್ಪಾ" ಎನ್ನುತ್ತಾಳೆ ವರ್ಲಾ, ಜಾಲರಿ ಕುಟ್ಟುತ್ತ. "ಅದಕ್ಕೆ ನಮ್ಮ ಹುಡುಗಿ ಹದಿನೇಳು ಸಲ ನೆಲಕ್ಕೆ ಬಿದ್ದಿದಾಳೆ."