ತಿರುವಿ ನೋಡದ ಹಲಗೆ

ನಾಲ್ಕು ವರ್ಷ ಹಲಗೆ ಹೊತ್ತು ಹೆಗಲು ಜಡ್ಡುಗಟ್ಟಿದ ಮೇಲೆ ಸಾಮಿಲ್ಲಿನ ಯಜಮಾನರು ಅವನ ಕೈಗೊಂದು ನೀಲಿ ಸೀಮೆಸುಣ್ಣ ಕೊಟ್ಟರು. ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೆಲಸವೇನೂ ಅಂಥ ದೊಡ್ಡದಲ್ಲ. ಗರಗಸದಿಂದ ಬಂದ ಹಲಗೆಯನ್ನು ನೋಡಿ ತುದಿಯಲ್ಲಿ ಗೆರೆ ಎಳೆಯುವುದು. ಗಂಟು, ಬಿರುಕು ಇಲ್ಲದೆ, ಎಳೆ ನೇರವಾಗಿ ಓಡಿದ್ದರೆ ಒಂದು ಗೆರೆ. ಅದರ ಮೇಲೆ ಆಳು ನಿಲ್ಲಬಹುದು, ಕಟ್ಟಡದ ಹೊರಗೆ ಕಟ್ಟುವ ಸಾರುವೆಗೆ ಹೋಗುತ್ತದೆ. ಸಣ್ಣಪುಟ್ಟ ಗಂಟಿದ್ದರೆ ಎರಡು. ಬಾಗಿಲ ಚೌಕಟ್ಟಿಗೆ ಸಾಕು. ಉಳಿದದ್ದಕ್ಕೆಲ್ಲ ಮೂರು, ಸಾಮಾನು ತುಂಬುವ ಪೆಟ್ಟಿಗೆಗೆ.

ಅಕ್ಕನ ಮನೆಗೆ ಹೋದರೂ ಚಟ ಬಿಡುತ್ತಿರಲಿಲ್ಲ. ಮಂಚಕ್ಕೆ ಎರಡು ಗೆರೆ, ಅಡುಗೆಮನೆ ಕಪಾಟಿಗೆ ಮೂರು ಎಂದು ತೀರ್ಪು ಕೊಟ್ಟುಕೊಂಡು ಓಡಾಡುತ್ತಿದ್ದ.

"ಸಾಹೇಬ್ರಿಗೆ ಕುರ್ಚಿ ಹಾಕೇ," ಎನ್ನುತ್ತಿದ್ದ ಗಾರೆ ಕೆಲಸದ ಭಾವ. "ನಿಧಾನ, ಕೂತ್ಕೊಳ್ಳೋಕೆ ಮುಂಚೆ ಅದನ್ನೂ ಪರೀಕ್ಷೆ ಮಾಡ್ತಾರೆ."

"ನಿಮಗೆ ಎಷ್ಟು ಗೆರೆ ಹೇಳ್ಲಾ ಭಾವ?"

"ಬೇಡಪ್ಪ. ನಿಮ್ಮಕ್ಕ ಮದುವೆಯಾದ ವಾರಕ್ಕೇ ಮೂರು ಎಳೆದಿದ್ದಾಳೆ."

ಆ ಬುಧವಾರ ಬೆಳಿಗ್ಗೆ ಗರಗಸದಿಂದ ಇಳಿದ ಮೊದಲ ಹಲಗೆಯನ್ನು ನೋಡಿ ಅವನ ಕೈ ಗಾಳಿಯಲ್ಲೇ ನಿಂತಿತು. ಹಲಗೆಯ ಮೇಲ್ಮೈಯಲ್ಲಿ, ನಡುಭಾಗದ ಅಂಚಿಗೆ ಸರಿಯಾಗಿ, ಮುಷ್ಟಿಗಾತ್ರದ ಕಪ್ಪು ಗಂಟು. ಸುತ್ತಲೂ ಕೂದಲೆಳೆಯಷ್ಟು ಸಂದು. ಬೆರಳಿನಿಂದ ಒತ್ತಿದರೆ ಅಲುಗಾಡುತ್ತಿತ್ತು.

"ಅಜ್ಜ, ಇದು ನಿನ್ನೆ ಅರ್ಧಕ್ಕೆ ಬಿಟ್ಟ ದಿಮ್ಮಿನಾ?"

"ಮತ್ತೆ? ರಾತ್ರಿ ಬೆಳಗಾಗೋದ್ರಲ್ಲಿ ಹೊಸ ಮರ ಬೆಳೆಯುತ್ತಾ?" ಗರಗಸದ ಅಜ್ಜ ಹೊಟ್ಟು ಕೊಡವಿಕೊಂಡ.

ಇದೇ ದಿಮ್ಮಿಯ ಹಿಂದಿನ ಹಲಗೆ ನಿನ್ನೆ ಸಂಜೆಯ ಕೊನೆಯದು. ಗರಗಸ ನಡುವೆ ಹಾಯುವವರೆಗೂ ಇದರ ಈ ಮುಖಕ್ಕೆ ಅದರ ಅಡಿಮುಖ ಅಂಟಿಕೊಂಡಿತ್ತು. ಇಷ್ಟು ದಪ್ಪದ ಗಂಟು ಇಲ್ಲಿದ್ದ ಮೇಲೆ ಅದರ ಅಡಿಯಲ್ಲೂ ಇರಲೇಬೇಕು. ಅದನ್ನು ಅವನು ನೋಡಿರಲಿಲ್ಲ. ಗಂಟೆ ಹೊಡೆದಿತ್ತು, ಹಲಗೆ ತಿರುವುವ ಜೊತೆಗಾರ ಕೈ ತೊಳೆಯಲು ಹೋಗಿದ್ದ, ಲಾರಿಯವನು ಹಾರ್ನ್ ಬಾರಿಸುತ್ತಿದ್ದ. ಇಷ್ಟುದ್ದದ ಹಲಗೆಯನ್ನು ಒಬ್ಬನೇ ಮಗುಚುವುದು ಯಾರು? ಮೇಲ್ಮುಖ ಕನ್ನಡಿಯ ಹಾಗಿತ್ತು. ಗೀಚಿದ, ಒಂದು ಗೆರೆ.

ಲಾರಿ ಹೋದದ್ದು ಭಾವ ಗಾರೆ ಮೆತ್ತುತ್ತಿದ್ದ ಕಟ್ಟಡಕ್ಕೆ.

ಫೋನು ಮಾಡಿದ. ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ಭಾವನ ಫೋನು ಕೆಲಸದ ಹೊತ್ತಿನಲ್ಲಿ ಕೆಳಗೆ ಊಟದ ಚೀಲದೊಳಗಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಮತ್ತೆ ಎರಡು ಸಲ ಮಾಡಿದ. ಯಜಮಾನರ ಬಾಗಿಲಿಗೆ ಓಡಿದವನು ಬಾಯಿ ತೆರೆದ. ನಿಜವೇ ಬರಬೇಕಿತ್ತು. ಬಂದದ್ದು ಬೇರೆ.

"ವಿಪರೀತ ಹಲ್ಲುನೋವು ಯಜಮಾನ್ರೇ. ಒಂದು ಗಂಟೆ ರಜ ಬೇಕು."

ಬೈಕು ಹತ್ತಿದ ಮೇಲೆ ತನಗೆ ತಾನೇ ಗೆರೆ ಎಳೆದುಕೊಂಡ. ಮೂರು ಸಾಲಲಿಲ್ಲ.

ಪ್ರತಿ ಸಿಗ್ನಲ್ಲಿನಲ್ಲೂ ಕೆಂಪು ದೀಪ. ಬೀದಿ ತಿರುಗುತ್ತಲೇ ಕಟ್ಟಡ ಕಂಡಿತು. ನಾಲ್ಕನೇ ಮಹಡಿಯ ಹೊರಗೆ ಸಾರುವೆಯ ಮೇಲೆ ಸಾಲಾಗಿ ಹತ್ತು ಮಂದಿ, ನಡುವೆ ತಲೆಗೆ ಟವೆಲು ಸುತ್ತಿದ ಭಾವ. ಪಕ್ಕದಲ್ಲಿ ಗಾರೆ ತುಂಬಿದ ಬಾಣಲಿಗಳು. ಕೂಗಿದರೆ ಗಾರೆ ಕಲಸುವ ಯಂತ್ರದ ಸದ್ದು ನುಂಗಿಹಾಕಿತು.

ಮೇಸ್ತ್ರಿ ಅಡ್ಡ ಬಂದ. "ಏನ್ರೀ? ಎಲ್ಲಿಗೆ ನುಗ್ತಿದ್ದೀರಾ?"

"ಎಲ್ಲರನ್ನೂ ಒಳಗೆ ಕರೀರಿ. ಒಂದು ಹಲಗೆ ಸರಿ ಇಲ್ಲ."

"ಯಾವುದು?"

"ಗೊತ್ತಿಲ್ಲ."

"ಗೊತ್ತಿಲ್ವಾ!" ಮೇಸ್ತ್ರಿ ನಕ್ಕ. "ಎಲ್ಲದರ ಮೇಲೂ ಒಂದೇ ಗೆರೆ ಇದೆ, ನಾನೇ ನೋಡಿ ಇಳಿಸಿಕೊಂಡಿದ್ದೀನಿ. ಗಾರೆ ಒಣಗಿ ಹೋಗುತ್ತೆ, ದಾರಿ ಬಿಡಿ. ಯಾರು ಹೇಳಿದ್ದು ಸರಿ ಇಲ್ಲ ಅಂತ?"

ಮೇಲೆ ಭಾವ ಬಾಣಲಿಯನ್ನು ಕಾಲಿನಿಂದ ಸರಿಸಿ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟ. ಹಲಗೆ ಬಳುಕಿದ್ದು ಕೆಳಗಿನವರೆಗೂ ಕಂಡಿತು.

"ಗೆರೆ ಎಳೆದವನು ನಾನೇ!" ಅವನ ಗಂಟಲು ಹರಿಯಿತು. "ತಿರುವಿ ನೋಡದೆ ಎಳೆದಿದ್ದೀನಿ. ತಪ್ಪು ಎಳೆದಿದ್ದೀನಿ. ಕರೀರಿ ಅವರನ್ನ!"

ಮೇಸ್ತ್ರಿ ಅವನ ಮುಖವನ್ನೊಮ್ಮೆ ನೋಡಿ ಯಂತ್ರ ನಿಲ್ಲಿಸಿದ, ಸೀಟಿ ಊದಿದ.

ಅವನು ಮೆಟ್ಟಿಲು ಹತ್ತಿ ಮೇಲೆ ಮುಟ್ಟುವಷ್ಟರಲ್ಲಿ ಒಬ್ಬೊಬ್ಬರೇ ಕಿಟಕಿಯ ಕಂಡಿಯಿಂದ ಒಳಗೆ ಬರುತ್ತಿದ್ದರು. ಕೊನೆಗೆ ಗೊಣಗಿಕೊಂಡು ಭಾವ. ಹಲಗೆಗಳನ್ನು ಕಿಟಕಿಯಿಂದಲೇ ಒಳಗೆಳೆದು, ಆ ತುದಿ ಭಾವ ಈ ತುದಿ ಅವನು ಹಿಡಿದು ಮಗುಚಿದರು. ಮೊದಲನೆಯದು ಸರಿ. ಎರಡನೆಯದು ಸರಿ. ಎಂಟಾಯಿತು, ಹನ್ನೊಂದಾಯಿತು. ಕೈ ಕಟ್ಟಿ ನಿಂತ ಆಳುಗಳಲ್ಲೊಬ್ಬ, "ಕನಸು ಬಿದ್ದಿರಬೇಕು ಇವನಿಗೆ," ಎಂದ. ಹದಿನಾಲ್ಕು. ಕೆಟ್ಟ ಹಲಗೆ ಇಲ್ಲವೇ ಇಲ್ಲ ಎನ್ನುವ ಹಾಗಾದರೆ ಸಾಕಪ್ಪ, ನಗಲಿ ಎಲ್ಲರೂ, ಎಂದು ಅವನು ಅಂದುಕೊಂಡ.

ಹದಿನೇಳನೆಯದನ್ನು ಮಗುಚಿದರು. ಅದೇ ಗಂಟು, ಅದೇ ಅಂಚು. ಗಂಟಿನಿಂದ ಹೊರಟ ಬಿರುಕು ಆಗಲೇ ಮೂರು ಬೆರಳಷ್ಟು ಓಡಿತ್ತು.

ಭಾವ ಬಗ್ಗಿ ಬಿರುಕಿನ ಮೇಲೆ ಬೆರಳಾಡಿಸಿದ. "ನಾನು ನಿಂತಿದ್ದು ಇದರ ಮೇಲೇ ಕಣೋ. ಬೆಳಿಗ್ಗೆಯಿಂದ ಸ್ವಲ್ಪ ಕುಣೀತಾ ಇತ್ತು."

"ಬೇರೆ ಹಾಕಿಸ್ಕೋಬಾರದಾಗಿತ್ತಾ ಭಾವ?"

"ತುದಿ ನೋಡಿದೆ. ಗೆರೆ ನಿನ್ನದು. ಆ ಓರೆ ನನಗೆ ಗೊತ್ತಾಗಲ್ವಾ? ನಮ್ಮ ಹುಡುಗ ನೋಡಿದ್ದಾನಲ್ಲ ಅಂತ ಸುಮ್ಮನಾದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹಲಗೆಯನ್ನು ಕೆಳಗಿಳಿಸಿ, ಎರಡು ತುದಿಗೂ ಇಟ್ಟಿಗೆ ಕೊಟ್ಟು, ಮೇಸ್ತ್ರಿ ನಡುವೆ ಒಂದು ಮೂಟೆ ಸಿಮೆಂಟು ಎತ್ತಿಹಾಕಿಸಿದ. ಫಟ್ ಎಂದು ಸದ್ದಾಗಿ ಎರಡು ತುಂಡಾಯಿತು. ಗಂಟು ಕಳಚಿ ಭಾವನ ಚಪ್ಪಲಿಯವರೆಗೆ ಉರುಳಿ ಬಂತು. ಭಾವ ಅದನ್ನೆತ್ತಿ ಭಾಮೈದನ ಜೇಬಿಗೆ ಹಾಕಿದ.

"ನಿಮ್ಮಕ್ಕನಿಗೆ ಹೇಳಬೇಡ. ನಿನಗೂ ಊಟ ಇರಲ್ಲ, ನನಗೂ ಇರಲ್ಲ." ನಗಲು ನೋಡಿದ. ಟವೆಲು ಬಿಚ್ಚಿ ಮುಖ ಒರೆಸಿಕೊಂಡ.

ಸಾಮಿಲ್ಲಿಗೆ ಮರಳಿದಾಗ ಯಜಮಾನರು ತಲೆಯೆತ್ತಲಿಲ್ಲ. "ಏನಯ್ಯಾ, ಹಲ್ಲು ಕೀಳಿಸಿದೆಯಾ?"

ಹೌದು ಎಂದರೆ ಮುಗಿಯುತ್ತಿತ್ತು. ಮೇಸ್ತ್ರಿ ಇನ್ನೂ ಫೋನು ಮಾಡಿರಲಿಲ್ಲ.

"ಹಲ್ಲುನೋವು ಸುಳ್ಳು ಯಜಮಾನ್ರೇ," ಎಂದು ಅವನು ಜೇಬಿನಿಂದ ಗಂಟನ್ನು ತೆಗೆದು ಮೇಜಿನ ಮೇಲಿಟ್ಟ. ಪಕ್ಕದಲ್ಲಿ ನೀಲಿ ಸೀಮೆಸುಣ್ಣವನ್ನೂ ಇಟ್ಟ.