ಅತ್ತೆ ಎಬ್ಬಿಸಿದ ಬೆಟ್ಟ

ನಮ್ಮತ್ತೆ ಬಡಗಿ. ವಸ್ತುಸಂಗ್ರಹಾಲಯದ ಹಿಂಬದಿಯ ಮರಗೆಲಸದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಗಳಿಗೆ ಚೌಕಟ್ಟು ಕೂರಿಸುವುದು, ಮಾದರಿಗಳನ್ನು ಮಾಡುವುದು ಅವಳ ಕೆಲಸ. ಅವಳ ಅಣ್ಣ, ಅಂದರೆ ನನ್ನ ಅಪ್ಪ, ಬೆತ್ತದ ಕುರ್ಚಿ ಹೆಣೆಯುವವನು. ಅವನಿಗೆ ಹುಟ್ಟಿನಿಂದಲೂ ಕಣ್ಣು ಕಾಣದು.

ಒಮ್ಮೆ ಅಲ್ಲಿನ ಭೂವಿಜ್ಞಾನಿ ಮೇಡಂ, ಪರ್ವತಗಳು ಹುಟ್ಟುವ ಬಗೆಯನ್ನು ತೋರಿಸುವ ಮಾದರಿ ಬೇಕೆಂದರು. ಭೂಮಿಯ ಎರಡು ಮಹಾ ಫಲಕಗಳು ಉಗುರು ಬೆಳೆಯುವಷ್ಟು ನಿಧಾನವಾಗಿ ಹತ್ತಿರ ಬರುತ್ತವೆ, ನಡುವಿನ ಕಡಲು ಮುಚ್ಚಿಹೋಗುತ್ತದೆ, ಖಂಡಕ್ಕೆ ಖಂಡ ಡಿಕ್ಕಿ ಹೊಡೆದಾಗ ಕಡಲ ತಳದ ಪದರಗಳು ಮಡಚಿಕೊಂಡು ಮೇಲೇಳುತ್ತವೆ ಎಂದು ವಿವರಿಸಿದರು. ಅತ್ತೆ ಸಂಜೆ ಅದನ್ನೇ ಅಪ್ಪನಿಗೆ ಹೇಳಿದಳು.

"ಗಾಜಿನ ಒಳಗಿಟ್ರೆ ನನಗೇನು ಸಿಕ್ತು?" ಎಂದ ಅಪ್ಪ.

ಮಾತು ಅತ್ತೆಗೆ ನಾಟಿತು. ಮರುದಿನವೇ ಮೇಡಂ ಮುಂದೆ ನಿಂತಳು.

"ಗಾಜು ಬೇಡ ಮೇಡಂ. ಮುಟ್ಟೋ ಬೆಟ್ಟ ಮಾಡ್ತೀನಿ."

"ಎಲ್ರೂ ಮುಟ್ಟಿದ್ರೆ ಹಾಳಾಗಲ್ವಾ?"

"ಹಾಳಾದ್ರೆ ರಿಪೇರಿಗೆ ನಾನಿಲ್ವಾ?"

ಮೇಡಂ ನಕ್ಕು ಒಪ್ಪಿದರು.

ಉದ್ದನೆಯ ಮೇಜಿನ ಮೇಲೆ ಎದುರುಬದುರಾಗಿ ಎರಡು ಹಲಗೆ. ಹಿಡಿ ತಿರುಗಿಸಿದರೆ ಒಂದು ಇನ್ನೊಂದರತ್ತ ಸರಿಯುತ್ತದೆ. ನಡುವೆ ದಪ್ಪ ರಬ್ಬರ್ ಹಾಳೆ ಕೂರಿಸಿ ಅತ್ತೆ ಅಪ್ಪನನ್ನು ಕರೆತಂದಳು. ಅವನು ತಡವಿ ನೋಡಿ, "ಇದು ಬೆಟ್ಟ ಅಲ್ಲ ಕಣೆ, ದಿಂಬು! ನಾನು ನಿಜವಾದ ಬೆಟ್ಟ ಹತ್ತಿದ್ದೀನಲ್ಲ, ಒಂದು ಏರು ಮುಗೀತು ಅನ್ನೋದ್ರೊಳಗೆ ಇನ್ನೊಂದು ಏರು ಬರುತ್ತೆ," ಎಂದುಬಿಟ್ಟ.

ಅತ್ತೆಯ ಮುಖ ಚಿಕ್ಕದಾಯಿತು. ಆದರೆ ಕೈಬಿಡುವ ಜಾಯಮಾನ ಅವಳದಲ್ಲ. ರಬ್ಬರ್ ಕಿತ್ತೆಸೆದು ಉಣ್ಣೆಬಟ್ಟೆ, ಕ್ಯಾನ್ವಾಸ್‌ಗಳನ್ನು ಪದರ ಪದರವಾಗಿ ಹಾಸಿದಳು. ಮೆತ್ತಗಾದರೆ ಕುಸಿಯುತ್ತಿತ್ತು, ಬಿರುಸಾದರೆ ಬಾಗುತ್ತಿರಲಿಲ್ಲ. ಅಪ್ಪ ಪಕ್ಕದಲ್ಲೇ ಕೂತು ಬೆರಳಲ್ಲಿ ತಪ್ಪು ಹುಡುಕಿದ. ಜಗಳವೂ ಆಯಿತು. ಕೊನೆಗೆ ಹದ ಸಿಕ್ಕಿತು. ಮೇಲೆದ್ದದ್ದು ಕಡಲ ತಳವೇ ಎಂದು ಗೊತ್ತಾಗಲೆಂದು ಅತ್ತೆ ಮೇಲ್ಪದರಕ್ಕೆ ಚಿಪ್ಪುಗಳನ್ನು ಹೊಲಿದಳು.

ಪ್ರದರ್ಶನ ತೆರೆದ ದಿನ ಅಪ್ಪ ಎಲ್ಲರಂತೆ ಸಾಲಿನಲ್ಲಿ ನಿಂತ. ಸರದಿ ಬಂದಾಗ ಒಂದು ಕೈಯಿಂದ ಹಿಡಿ ತಿರುಗಿಸುತ್ತ ಇನ್ನೊಂದನ್ನು ಬಟ್ಟೆಯ ಮೇಲಿಟ್ಟ. ಅಂಗೈಯಡಿ ಒಂದು ಮಡಿಕೆ ಎದ್ದಿತು, ಅದರ ಬೆನ್ನಿಗೇ ಇನ್ನೊಂದು. ತುದಿಯಲ್ಲಿ ಚಿಪ್ಪು ಬೆರಳಿಗೆ ತಾಕಿತು.

"ಅಬ್ಬಾ, ಕಡಲು ಇಷ್ಟು ಮೇಲಕ್ಕೆ ಬಂತಾ!"

"ಬೇಗ ಬಿಡಿ ಯಜಮಾನ್ರೆ," ಎಂದರು ಹಿಂದಿದ್ದವರು.

"ಇರಿ ಸ್ವಾಮಿ, ಬೆಟ್ಟ ಏಳೋವಾಗ ಅವಸರ ಮಾಡಿದ್ರೆ ಆಗುತ್ತಾ? ಇದನ್ನ ಎಬ್ಬಿಸಿದವಳು ನನ್ನ ತಂಗಿ!"

ಗೋಡೆಗೊರಗಿ ನಿಂತಿದ್ದ ಅತ್ತೆ ನಾಚಿ, "ಅಣ್ಣ, ಮೆಲ್ಲಗೆ," ಎಂದಳು.

ಅಪ್ಪ ತನ್ನ ಮಾತನ್ನೇ ಇನ್ನೂ ಜೋರಾಗಿ ಹೇಳಿದ.